ಕಡಲಿಗಿಂತ ಮೊದಲು ಗಾಜಿನ ತೊಟ್ಟಿಯಲ್ಲಿ ಸಿಕ್ಕಿಬಿದ್ದ ಹುಳು

"ಮಾಮ, ಕನ್ನಡಕ ಹಾಕ್ಕೊಂಡು ಬನ್ನಿ, ಇಲ್ದಿದ್ರೆ ಏನೂ ಕಾಣಲ್ಲ" ಎಂದು ಅಕ್ಕನ ಮಗ ಗ್ಯಾರೇಜಿನಿಂದ ಕೂಗಿದ. ಕ್ಯಾಲಿಫೋರ್ನಿಯದ ಮನೆ. ಕಾರು ಬೀದಿಯಲ್ಲಿ, ಸಮುದ್ರ ಗ್ಯಾರೇಜಿನಲ್ಲಿ. ಮೇಜಿನ ಮೇಲೊಂದು ಬಿಳಿ ಬೋಗುಣಿ, ಅದರಲ್ಲಿ ಔಷಧಿ ಬೆರೆಸಿದ ಉಪ್ಪುನೀರು, ನೀರಿನಲ್ಲಿ ಹೆಬ್ಬೆರಳುದ್ದದ ಅಕ್ರೊಪೊರ ಹವಳದ ಕೊಂಬೆ. ಅಂಗಡಿಯಿಂದ ಆಗಷ್ಟೇ ತಂದದ್ದು. ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ರಬ್ಬರ್ ಬುರುಡೆಯ ಪಿಚಕಾರಿಯಿಂದ ಅದರ ಮೇಲೆ ಜೋರಾಗಿ ನೀರು ಹಾಯಿಸಿದ. ಹಿತಕಿದ ಅವರೆಯ ಸಿಪ್ಪೆಯಂಥದ್ದು ಒಂದು ಕಳಚಿ ತಳಕ್ಕೆ ಬಿತ್ತು. ಬಿದ್ದ ಸಿಪ್ಪೆ ಅಂಚು ಮಡಚಿಕೊಂಡು ತೆವಳತೊಡಗಿತು! ಅದರ ಹಿಂದೆ ಇನ್ನೊಂದು, ಮತ್ತೊಂದು. ಅಷ್ಟು ಹೊತ್ತೂ ಆ ಕೊಂಬೆಯನ್ನೇ ದಿಟ್ಟಿಸುತ್ತಿದ್ದ ನನ್ನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ.

ಕಣ್ಣಿಗೆ ಬೀಳದಿರುವುದೇ ಈ ಚಪ್ಪಟೆ ಹುಳುವಿನ ಬಂಡವಾಳ. ಮೈ ಪಾರದರ್ಶಕ. ಹವಳದ ಮಾಂಸ ತಿಂದಾಗ ಅದರೊಳಗಿನ ಕಂದು ಪಾಚಿ, ಹೊಳೆಯುವ ಬಣ್ಣ ಎಲ್ಲ ಹುಳುವಿನ ಹೊಟ್ಟೆ ಸೇರಿ ಹೊರಗೆ ಕಾಣುತ್ತವೆ. ಅಂದರೆ ತಿಂದ ಊಟವನ್ನೇ ಬಟ್ಟೆಯಾಗಿ ತೊಟ್ಟುಕೊಂಡು ಊಟದ ಮೇಲೆಯೇ ಮಲಗುತ್ತದೆ. ಹವಳದ ಮೇಲೆ ದುಂಡನೆಯ ಬಿಳಿ ಕಚ್ಚಿನ ಗುರುತು ಕಂಡರೆ, ಬುಡದ ಸತ್ತ ಭಾಗದಲ್ಲಿ ಕಂದು ಮೊಟ್ಟೆಗಳ ತೇಪೆ ಕಂಡರೆ ಕೇಡು ಹೊಕ್ಕಿತೆಂದೇ ಲೆಕ್ಕ.

ನನಗೆ ಇದರ ಹುಚ್ಚು ಹಿಡಿದದ್ದು ಆಮೇಲೆ ಇದರ ಜಾತಕ ಓದಿದಾಗ. ತೊಟ್ಟಿಯಲ್ಲಿ ಹವಳ ಬೆಳೆಸುವ ಹವ್ಯಾಸಿಗಳು ವರ್ಷಗಟ್ಟಲೆ ಈ ಹುಳುವಿಗೆ ಶಾಪ ಹಾಕಿದ್ದರು. ವಿಜ್ಞಾನದ ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. 2011ರಲ್ಲಿ ವಿಜ್ಞಾನಿ ಕೇಟ್ ರಾಲಿನ್ಸನ್ ಮತ್ತು ಸಂಗಡಿಗರು ಅಕ್ವೇರಿಯಂಗಳಲ್ಲಿ ಸಿಕ್ಕ ಹುಳುಗಳನ್ನೇ ಇಟ್ಟುಕೊಂಡು ಅಮಾಕುಸಪ್ಲಾನ ಅಕ್ರೊಪೊರೆ ಎಂದು ನಾಮಕರಣ ಮಾಡಿದರು. (ಈಗ ಕುಲ ಬದಲಾಗಿ ಪ್ರೊಸ್ಥಿಯೊಸ್ಟೋಮಮ್ ಆಗಿದೆ.) ಆಗಲೂ ಇದನ್ನು ಕಡಲಿನಲ್ಲಿ ಕಂಡವರಿಲ್ಲ. ಗ್ರೇಟ್ ಬ್ಯಾರಿಯರ್ ರೀಫಿನ ಲಿಜರ್ಡ್ ದ್ವೀಪದ ಬಳಿ ಸಿಕ್ಕಿತೆಂಬ ವರದಿ ಬಂದದ್ದು 2012ರಲ್ಲಿ. ಊರಿನ ಕಳ್ಳನ ಹೆಸರು, ಚಹರೆ ಎಲ್ಲ ಪರವೂರಿನ ಠಾಣೆಯಲ್ಲಿ ದಾಖಲಾದ ಮೇಲೆ ಅವನ ಸ್ವಂತ ಮನೆ ಪತ್ತೆಯಾಯಿತು! ಕಡಲಿನಲ್ಲಿ ಇದನ್ನು ಹೆಕ್ಕಿ ತಿನ್ನುವವರು ಬೇಕಾದಷ್ಟು ಇರಬೇಕು. ತೊಟ್ಟಿಯಲ್ಲಿ ಕೇಳುವವರಿಲ್ಲ.

ಔಷಧಿ ಸ್ನಾನಕ್ಕೆ ಹುಳು ಉದುರುತ್ತದೆ, ಮೊಟ್ಟೆ ಜಪ್ಪಯ್ಯ ಎನ್ನುವುದಿಲ್ಲ. ನೀರಿನ ಬಿಸಿಗೆ ತಕ್ಕಂತೆ ಎರಡು ಮೂರು ವಾರಕ್ಕೆ ಮರಿ ಹೊರಬರುತ್ತದೆ. ಹಾಗಾಗಿ ಮೊಟ್ಟೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು, ವಾರವಾರವೂ ಸ್ನಾನ ಮಾಡಿಸಬೇಕು. ಆರು ಗೆರೆಯ ರಾಸ್ ಮೀನು ಮತ್ತು ಪೆಪ್ಪರ್‌ಮಿಂಟ್ ಸಿಗಡಿ ಈ ಹುಳುವನ್ನು ತಿನ್ನುವುದನ್ನು ಆಸ್ಟ್ರೇಲಿಯದ ಸಂಶೋಧಕರು ಪ್ರಯೋಗದಲ್ಲಿ ತೋರಿಸಿದ್ದಾರೆ. 'ತೊಟ್ಟಿಗೆ ಹಾಕಿ, ಮರೆತುಬಿಡಿ' ಎನ್ನುವ ಔಷಧಿ ಬಾಟಲಿಗಳಿಗಿಂತ ನನಗೆ ಆ ಸಿಗಡಿಯ ಮೇಲೆ ಹೆಚ್ಚು ನಂಬಿಕೆ.

ಬೇರೆ ಪೀಡೆಗಳೂ ಇವೆ. ಅಕ್ರೊಪೊರಕ್ಕೇ ಅಂಟುವ ಕೆಂಪು ತಿಗಣೆಗೆ ನಾಯಿಯ ಹೃದಯದ ಹುಳುವಿಗೆ ಕೊಡುವ ಮಿಲ್ಬೆಮೈಸಿನ್ ಮಾತ್ರೆಯೇ ಮದ್ದು. ಅದು ತೊಟ್ಟಿಯ ಏಡಿ, ಸಿಗಡಿಗಳನ್ನೂ ಬಿಡುವುದಿಲ್ಲ. ಮೀನಿನ ಮೈಮೇಲೆ ಉಪ್ಪಿನ ಕಾಳು ಚೆಲ್ಲಿದಂತೆ ಕಾಣುವ ಬಿಳಿ ಚುಕ್ಕೆ ರೋಗ ಪರಜೀವಿಯಾದ ಕ್ರಿಪ್ಟೊಕಾರಿಯಾನ್‌ನದು. ತಾಮ್ರದ ಔಷಧಿ ಅದನ್ನು ಕೊಲ್ಲುತ್ತದೆ, ಹವಳವನ್ನೂ ಕೊಲ್ಲುತ್ತದೆ. ಆದ್ದರಿಂದ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ ಚಿಕಿತ್ಸೆ ಕೊಡುತ್ತಾರೆ, ಹವಳದ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುತ್ತಾರೆ. ಅಷ್ಟು ದಿನ ಯಾಕೆಂದರೆ, ಮರಳಿನಲ್ಲಿ ಅಂಟಿಕೊಂಡ ಪರಜೀವಿಯ ಕೋಶ 72 ದಿನದ ತನಕವೂ ಒಡೆಯದೆ ಕೂರಬಲ್ಲದು. ಮೀನಿನ ಮೈಯ ಚುಕ್ಕೆ ಮಾಯವಾದ ಕೂಡಲೇ ಔಷಧಿ ಕೆಲಸ ಮಾಡಿತು ಎಂದು ಬೀಗುವವರು ಬಹಳ. ಚುಕ್ಕೆ ತಾನಾಗಿಯೇ ಕೆಲವು ದಿನಕ್ಕೆ ಉದುರುತ್ತದೆ, ಉದುರಿದ್ದು ನೂರಾರು ಮರಿಗಳೊಂದಿಗೆ ಮರಳಿ ಬರುತ್ತದೆ.

ನಮ್ಮಲ್ಲಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಒಂದು ಮಾತು. ಅಕ್ರೊಪೊರದಂಥ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಇವೆ. ಕಡಲಿನಿಂದ ಕಿತ್ತು ತಂದದ್ದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಕ್ಲೌನ್ ಮೀನಷ್ಟೇ ಸಾಕು ಎನ್ನುವವರು, ಮೀನು ತರುವ ಮೊದಲೇ ಕ್ವಾರಂಟೈನಿಗೆ ಎರಡನೇ ತೊಟ್ಟಿ ಇಡಲು ಮನೆಯಲ್ಲಿ ಜಾಗವಿದೆಯೇ ನೋಡಿಕೊಳ್ಳಿ. ಇಲ್ಲವಾದರೆ ಮೊದಲನೆಯದನ್ನೂ ತರಬೇಡಿ.