ಕಡಲಿಲ್ಲದ ಊರಿನಲ್ಲಿ ಒಂದು ದಂಡೆಯ ದಿನ

ಡಿಸೆಂಬರ್ ರಜೆಗೆ ಮಗಳು ಅಂಡಮಾನ್ ಎಂದಳು, ಅಪ್ಪ ಕಾಶಿ ಎಂದರು. ನಾವಿರುವ ಗುರುಗ್ರಾಮದಿಂದ ಕಾಶಿ ಒಂದು ರಾತ್ರಿಯ ರೈಲು. ಜೊತೆಗೆ, ಎಪ್ಪತ್ತಾರರ ಅಪ್ಪನ ಮಂಡಿ ಇನ್ನೆಷ್ಟು ವರ್ಷ ಮೆಟ್ಟಿಲು ಹತ್ತೀತು ಎಂಬ ಲೆಕ್ಕವೂ ಇತ್ತು. ಕೊನೆಗೆ ಒಪ್ಪಂದವಾಯಿತು: ದೇವಸ್ಥಾನಕ್ಕೆ ಒಂದು ದಿನ, ನೀರಿನ ದಂಡೆಗೆ ಪೂರ್ತಿ ಒಂದು ದಿನ. ದೇವಸ್ಥಾನದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ದಂಡೆಯ ದಿನದ ಬಗ್ಗೆ ಹೇಳುತ್ತೇನೆ.

ಉಳಿದುಕೊಂಡಿದ್ದು ಬಂಗಾಲಿ ಟೋಲಾದಲ್ಲಿ. ದಶಾಶ್ವಮೇಧದ ಕಡೆಯಿಂದ ಕೇದಾರ ಘಾಟಿನ ಕಡೆಗೆ ನದಿಗೆ ಸಮಾನಾಂತರವಾಗಿ ಸಾಗುವ ಗಲ್ಲಿ ಇದು. ಎದುರಿಂದ ಹಸು ಬಂದರೆ ನೀವು ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಕೊನೆಗಾಲವನ್ನು ಕಾಶಿಯಲ್ಲಿ ಕಳೆಯಲೆಂದು ಬಂದ ಬಂಗಾಳದ ವಿಧವೆಯರು, ಪಂಡಿತರು, ಜಮೀನ್ದಾರರು ತಲೆಮಾರುಗಳ ಹಿಂದೆ ಕಟ್ಟಿದ ಮೊಹಲ್ಲಾ. ಸತ್ಯಜಿತ್ ರೇ ಅವರ 1956ರ 'ಅಪರಾಜಿತೊ' ನೋಡಿದವರಿಗೆ ಇಲ್ಲಿನ ಘಾಟುಗಳ ಪರಿಚಯ ಇರುತ್ತದೆ. ನಮ್ಮವರ ಜಂಗಮವಾಡಿ ಮಠವೂ ಇಲ್ಲಿಂದ ನಡೆದು ಹೋಗುವಷ್ಟೇ ದೂರ. ಉತ್ತರ ಕರ್ನಾಟಕದಿಂದ ಬಂದವರ ಮಾತು ಅಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ.

ಬೆಳಗಿನ ಜಾವ ಪಾಂಡೇ ಘಾಟಿನಲ್ಲಿ ಹುಟ್ಟಿನ ದೋಣಿ ಹಿಡಿದೆವು. ಎಂಜಿನ್ ದೋಣಿ ಬೇಗ ಸುತ್ತಿಸುತ್ತದೆ, ನಮಗೆ ಬೇಗ ಬೇಕಿರಲಿಲ್ಲ. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಊರೆಲ್ಲ ಪಶ್ಚಿಮದ ದಂಡೆಯ ಮೇಲಿದೆ, ಎದುರು ದಂಡೆಯಲ್ಲಿ ಬರೀ ಮರಳು. ಹಾಗಾಗಿ ಸೂರ್ಯ ಹುಟ್ಟಿದ ಕೂಡಲೇ ಬೆಳಕಿಗೆ ಅಡ್ಡವೇ ಇಲ್ಲ, ಘಾಟುಗಳ ಸಾಲು ಒಮ್ಮೆಲೇ ಬೆಳಗುತ್ತದೆ. ಸಂಜೆ ಹೋದರೆ ಸೂರ್ಯ ಊರಿನ ಬೆನ್ನಿಗಿರುತ್ತಾನೆ, ಕಟ್ಟಡಗಳು ಕಪ್ಪಗೆ ಕಾಣುತ್ತವೆ. ಎಲ್ಲರೂ ಸಂಜೆಯ ಆರತಿ ಎನ್ನುತ್ತಾರೆ. ನನ್ನನ್ನು ಕೇಳಿದರೆ ಬೆಳಿಗ್ಗೆಯೇ ಹೋಗಿ. ಮಂಜು ಬಿದ್ದರೆ ಮಾತ್ರ ನಿಮ್ಮ ಹಣೆಬರಹ.

ಮಗಳಿಗೆ ಕಡಲು ಸಿಕ್ಕಿದ್ದು ಹಕ್ಕಿಗಳ ರೂಪದಲ್ಲಿ. ಚಳಿಗಾಲಕ್ಕೆ ವಲಸೆ ಬರುವ ಬಿಳಿ ಗಲ್ ಹಕ್ಕಿಗಳು ನೂರಾರು. ಅಂಬಿಗ 'ಆವ್ ಆವ್' ಎಂದು ಕೂಗಿದರೆ ಸಾಕು, ದೋಣಿಯ ಸುತ್ತ ಮುತ್ತಿಕೊಳ್ಳುತ್ತವೆ. ಅವಕ್ಕೆ ಎರಚಲು ಪಕ್ಕದ ದೋಣಿಯಲ್ಲಿ ಸೇವ್ ಮಾರುತ್ತಾರೆ. ಖಾರಾ ಸೇವ್ ತಿಂದು ಆ ಹಕ್ಕಿಗಳ ಹೊಟ್ಟೆ ಏನಾಗುತ್ತದೋ, ನಾವು ಕೊಳ್ಳಲಿಲ್ಲ.

ಕೆಂಪು ಬಿಳಿ ಪಟ್ಟೆಯ ಕೇದಾರ ಘಾಟ್ ದಾಟಿ ದಕ್ಷಿಣಕ್ಕೆ ಹೋದರೆ ಹರಿಶ್ಚಂದ್ರ ಘಾಟ್. ಅದರ ಮಗ್ಗುಲಲ್ಲೇ ಕರ್ನಾಟಕ ಘಾಟ್, ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಅಪ್ಪನಿಗೆ 1965ರ 'ಸತ್ಯ ಹರಿಶ್ಚಂದ್ರ' ನೆನಪಾಗಿ, ಸುಡುಗಾಡು ಕಾಯುವ ರಾಜ್‌ಕುಮಾರ್ ಕತೆ ಶುರು ಮಾಡಿದರು. ಅಷ್ಟರಲ್ಲಿ ದಂಡೆಯ ಮೇಲೆ ಉರಿ ಕಂಡಿತು.

"ಅಜ್ಜ, ಅದು ಚಳಿ ಕಾಯಿಸೋ ಬೆಂಕಿನಾ?"

ನಾನು, ಹೆಂಡತಿ ಮುಖ ನೋಡಿಕೊಂಡೆವು. ಅಮ್ಮ ಹೋದಾಗ ಮಗಳಿಗೆ ಐದು ವರ್ಷ. ನಮ್ಮಲ್ಲಿ ಮಕ್ಕಳನ್ನು ಸ್ಮಶಾನಕ್ಕೆ ಕರೆದೊಯ್ಯುವ ರೂಢಿಯಿಲ್ಲ. ಅಜ್ಜಿ ಅವಳ ಪಾಲಿಗೆ ಒಂದು ದಿನ ಮನೆಯಲ್ಲಿದ್ದರು, ಮರುದಿನ ಫೋಟೋ ಆಗಿದ್ದರು.

"ಅಲ್ಲ ಪುಟ್ಟಿ, ಯಾರೋ ತೀರಿಕೊಂಡಿದಾರೆ, ಸುಡ್ತಾ ಇದಾರೆ. ನಿನ್ನ ಅಜ್ಜಿಗೂ ಹೀಗೇ ಮಾಡಿದ್ವಿ" ಅಂದರು ಅಪ್ಪ, ಹಾಲು ಉಕ್ಕಿತು ಎನ್ನುವಷ್ಟೇ ಸಹಜವಾಗಿ.

ಅವಳು ಹೆದರಲಿಲ್ಲ. "ನೋವಾಗಲ್ವಾ?" "ಬೂದಿ ಏನು ಮಾಡಿದ್ರಿ?" "ಯಾರು ಬೆಂಕಿ ಇಟ್ಟಿದ್ದು?" ಎಂದು ಕೇಳುತ್ತಾ ಹೋದಳು. ಕೊನೆಯ ಪ್ರಶ್ನೆಗೆ ಅಪ್ಪ ನನ್ನ ಕಡೆ ಕೈ ತೋರಿಸಿದರು. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಬಂದು ಪಕ್ಕದಲ್ಲಿ ಕೂತಳು. ಹಿಂದಿನ ದೋಣಿಯಲ್ಲಿದ್ದವರು ಚಿತೆಯ ಕಡೆ ಕ್ಯಾಮೆರಾ ಜೂಮ್ ಮಾಡುತ್ತಿದ್ದರು. ನಮ್ಮ ಅಂಬಿಗ ಬೇಡವೆಂದು ಕೂಗಿದ. ಅಲ್ಲಿ ಫೋಟೋ ತೆಗೆಯುವುದನ್ನು ಯಾರೂ ಸಹಿಸುವುದಿಲ್ಲ, ಸಹಿಸಬಾರದು ಕೂಡ.

ಚೇತ್ ಸಿಂಗ್ ಕೋಟೆಯ ಬಳಿ ತಿರುಗಿಕೊಂಡೆವು. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಕಡೆಯವರ ಕಾವಲಿನಿಂದ ಕಾಶಿಯ ರಾಜ ಚೇತ್ ಸಿಂಗ್ ತಪ್ಪಿಸಿಕೊಂಡದ್ದು ಇಲ್ಲಿಂದಲೇ. ಪೇಟಗಳನ್ನು ಗಂಟು ಹಾಕಿ ಕಿಟಕಿಯಿಂದ ಇಳಿದನಂತೆ. ಆಮೇಲೆ ಪ್ರವಾಹದ ಜೊತೆ ಉತ್ತರಕ್ಕೆ: ದರ್ಭಂಗಾ ಅರಮನೆ, ಮಾನ್ ಮಂದಿರದ ವೀಕ್ಷಣಾಲಯ, ಮಣಿಕರ್ಣಿಕಾ, ಪಕ್ಕದಲ್ಲಿ ವಾಲಿ ನಿಂತ ರತ್ನೇಶ್ವರ ಗುಡಿ, ಪಂಚಗಂಗೆಯ ಮೇಲೆ ಆಲಂಗೀರ್ ಮಸೀದಿ, ದೂರದಲ್ಲಿ 1887ರ ರಾಜಘಾಟ್ ಸೇತುವೆ. ಮಣಿಕರ್ಣಿಕೆಯಲ್ಲಿ ಮತ್ತೆ ಚಿತೆಗಳು, ಈ ಸಲ ಸಾಲಾಗಿ. ಮಗಳು ಏನೂ ಕೇಳಲಿಲ್ಲ, ಫೋನ್ ಜೇಬಿನಲ್ಲೇ ಇತ್ತು.

ಬಿಸಿಲೇರಿದ ಮೇಲೆ ಎದುರಿನ ಮರಳಿಗೆ ಇಳಿದೆವು. ಮಳೆಗಾಲದಲ್ಲಿ ಇದು ಮುಳುಗುತ್ತದೆ. ನೀರು ಏರಿದರೆ ದೋಣಿಗಳನ್ನೂ ನಿಲ್ಲಿಸುತ್ತಾರೆ, ಟಿಕೆಟ್ ಮಾಡುವಾಗ ನೆನಪಿರಲಿ. ದೋಣಿಯ ದರವನ್ನು ಹತ್ತುವ ಮೊದಲೇ, ಹೋಗಿಬರುವುದೂ ಕಾಯುವುದೂ ಸೇರಿಸಿ ಮಾತಾಡಿಕೊಳ್ಳಿ. ಮಗಳು ಮರಳಲ್ಲಿ ಮನೆ ಕಟ್ಟಿದಳು. ಅಪ್ಪ ಮಂಡಿ ಚಾಚಿ ಕೂತು ಎದುರಿನ ಊರನ್ನು ನೋಡುತ್ತಿದ್ದರು.

ಕಾಶಿಗೆ ಹೋದವರು ಇಷ್ಟದ ತಿಂಡಿಯೊಂದನ್ನು ಬಿಟ್ಟು ಬರಬೇಕಲ್ಲ? ಬಹಳ ಜನ ಜಾಣತನದಿಂದ ಹಾಗಲಕಾಯಿ ಬಿಡುತ್ತಾರೆ. ಏನು ಬಿಡುತ್ತೀರಿ ಎಂದು ಕೇಳಿದೆ.

"ಕಾಯಿ ಹೋಳಿಗೆ" ಅಂದರು. ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಮಾಡಿಲ್ಲ.