ಗ್ರೀನ್ ಟೀ ಹೆಚ್ಚಾಯ್ತಾ? ನೀರು ಯಾವುದು ಅಂತಲೂ ನೋಡಿ

ಹೊಟ್ಟೆ ಕರಗಿಸಬೇಕು ಅಂತ ಹಾಲು-ಸಕ್ಕರೆ ಚಹಾ ಬಿಟ್ಟು ಗ್ರೀನ್ ಟೀ ಹಿಡಿದವರು ಈಗ ಕೊಪ್ಪಳ, ಗಂಗಾವತಿಯಲ್ಲೂ ಇದ್ದಾರೆ. ಒಳ್ಳೆಯದೇ, ಸಕ್ಕರೆಯಾದರೂ ಕಡಿಮೆಯಾಯ್ತು. ದಿನಕ್ಕೆ ಎರಡು-ಮೂರು ಕಪ್ ಹೆಚ್ಚಿನವರಿಗೆ ಏನೂ ಮಾಡಲ್ಲ. ಅದು ಆರು, ಎಂಟು ಆದಾಗ ಲೆಕ್ಕ ಬೇರೆ. ನಮ್ಮ ಜಿಲ್ಲೆಯಲ್ಲಂತೂ ಆ ಲೆಕ್ಕಕ್ಕೆ ಫ್ಲೋರೈಡನ್ನೂ ಸೇರಿಸಬೇಕು.

ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಹೊಸ ಸುದ್ದಿಯಲ್ಲ. ಹಲ್ಲಿನ ಮೇಲಿನ ಕಂದು ಕಲೆ, ನಡು ಬಗ್ಗಿಸಲಾಗದ ಹಿರಿಯರು, ಇದೆಲ್ಲ ನಾವು ಕಂಡದ್ದೇ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5. ಇನ್ನು ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತೆ. ಎಲೆ ಬಲಿತಷ್ಟೂ ಹೆಚ್ಚು. ಬಿಸಿನೀರಿಗೆ ಹಾಕಿದ ಕೂಡಲೇ ಅದು ಕಪ್ಪಿಗೆ ಇಳಿಯುತ್ತೆ. ಅಂದ್ರೆ ಬೋರ್ ನೀರಿನ ಗ್ರೀನ್ ಟೀಯಲ್ಲಿ ನೀರಿನದೊಂದು ಪಾಲು, ಎಲೆಯದೊಂದು ಪಾಲು. ಕುದಿಸಿದರೆ ಹೋಗುತ್ತೆ ಅಂದ್ಕೋಬೇಡಿ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತೆ. ಸರಿಯಾಗಿ ಕೆಲಸ ಮಾಡೋ ಆರ್‌ಒ ಘಟಕದ ನೀರಾದರೆ ಒಂದು ಪಾಲಿನ ಬಹುಭಾಗ ತಪ್ಪುತ್ತೆ.

ಅಮೆರಿಕದಲ್ಲಿ 47 ವರ್ಷದ ಮಹಿಳೆಯೊಬ್ಬರು 17 ವರ್ಷ ದಿನಾ 100ರಿಂದ 150 ಟೀ ಬ್ಯಾಗ್ ಹಾಕಿ ಚಹಾ ಕುಡಿದು, ಮೂಳೆಗೆ ಫ್ಲೋರೋಸಿಸ್ ತಂದುಕೊಂಡ ಪ್ರಕರಣ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಷ್ಟು ಯಾರೂ ಕುಡಿಯಲ್ಲ ಬಿಡಿ. ಆದ್ರೆ ಬೋರ್ ನೀರಿನ ಊರಲ್ಲಿ ಲೆಕ್ಕ ಸೊನ್ನೆಯಿಂದ ಶುರುವಾಗಲ್ಲ.

ಎರಡನೆಯದು ಕಬ್ಬಿಣಾಂಶ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಗಳಲ್ಲಿರೋ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳೋದೇ ಕಡಿಮೆ. ಊಟದ ಜೊತೆ ಅಥವಾ ಮುಗಿದ ಕೂಡಲೇ ಗ್ರೀನ್ ಟೀ ಕುಡಿದರೆ ಅದರ ಪಾಲಿಫಿನಾಲ್‌ಗಳು ಇನ್ನಷ್ಟು ತಡೆಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಹಾಗಾಗಿ ಊಟಕ್ಕೂ ಕಪ್ಪಿಗೂ ನಡುವೆ ಒಂದು ಗಂಟೆಯಾದರೂ ಇರಲಿ. ಕಬ್ಬಿಣದ ಮಾತ್ರೆ ನುಂಗುವವರಿಗೂ ಇದೇ. ರೊಟ್ಟಿ-ಪಲ್ಯಕ್ಕೆ ಲಿಂಬೆಹಣ್ಣು ಹಿಂಡಿಕೊಳ್ಳಿ, ಅದು ಹೀರಿಕೆಗೆ ಸಹಾಯ ಮಾಡುತ್ತೆ.

ಕೆಫೀನ್ ಒಂದು ಕಪ್ಪಿಗೆ ಸುಮಾರು 30 ಮಿಲಿಗ್ರಾಂ. ರಾತ್ರಿ ಕಾಲ್ ಇದೆ ಅಂತ ಹತ್ತು ಗಂಟೆಗೆ ಕುಡಿದು, ನಿದ್ದೆ ಬರಲ್ಲ ಅಂದ್ರೆ ಹೇಗೆ? ಗರ್ಭಿಣಿಯರು ಕಾಫಿ, ಚಹಾ ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತೆ.

ನನಗೆ ನಿಜವಾಗಿ ಭಯ ಇರೋದು ಕಪ್ಪಿನ ಬಗ್ಗೆ ಅಲ್ಲ, ತೂಕ ಇಳಿಸುವ 'ಗ್ರೀನ್ ಟೀ ಎಕ್ಸ್‌ಟ್ರ್ಯಾಕ್ಟ್' ಕ್ಯಾಪ್ಸೂಲ್ ಬಗ್ಗೆ. ಅದರ ಮುಖ್ಯ ಅಂಶ ಇಜಿಸಿಜಿ. ಪೂರಕದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡರೆ ಲಿವರ್‌ಗೆ ಹಾನಿಯ ಸೂಚನೆ ಕಾಣಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಡಬ್ಬಿ ಕೈಯಲ್ಲಿದ್ದರೆ ಹಿಂಬದಿಯ ಸಣ್ಣ ಅಕ್ಷರದಲ್ಲಿ ಆ ಸಂಖ್ಯೆ ಹುಡುಕಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಕ್ಯಾಪ್ಸೂಲ್ ನಿಲ್ಲಿಸಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಡಬ್ಬಿಯನ್ನೂ ತಗೊಂಡು ಹೋಗಿ.