ಹೆಡ್ ಗ್ಯಾಸ್ಕೆಟ್ ಹೋದಾಗ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಎಂಜಿನ್ನಿನ ವಿಷಯವೇಕೆಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಕಾವ್ಯಮೀಮಾಂಸೆಯನ್ನು ಓದುವವನ ಕೈಗೆ ಡೀಸೆಲ್ ಮಸಿ ಹತ್ತಬಾರದೆಂಬ ಕಟ್ಟಳೆಯೇನೂ ಇಲ್ಲವಷ್ಟೆ. ಮಂಡ್ಯದ ಕಡೆ ನನ್ನ ಸೋದರಮಾವನವರ ವರ್ಕ್‌ಷಾಪೊಂದಿದೆ. ಕಳೆದ ಬೇಸಗೆಯ ರಜದಲ್ಲಿ ಅಲ್ಲಿಗೆ ಬಂದ ಒಂದು ಯಂತ್ರದ ರಿಪೇರಿಯನ್ನು ಮೊದಲಿನಿಂದ ಕೊನೆಯವರೆಗೆ ಕಂಡೆನಾದ್ದರಿಂದ ಅದನ್ನೇ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಆ ಯಂತ್ರದ ಹೆಸರು ಸ್ಕಿಡ್ ಸ್ಟಿಯರ್ ಲೋಡರ್. ಯಾವ ಕಂಪನಿಯದಾದರೂ ಕೆಲಸಗಾರರು ಅದನ್ನು ‘ಬಾಬ್‌ಕ್ಯಾಟ್’ ಎಂದೇ ಕರೆಯುವರು. ನಾಲ್ಕು ಚಕ್ರ, ನಡುವೆ ಒಬ್ಬನೇ ಕೂರುವ ಗೂಡು, ಮುಂದೆ ಮಣ್ಣು ಮೊಗೆಯುವ ಬಕೆಟ್ಟು, ಹಿಂದೆ ಎಂಜಿನ್ನು. ಕಾರಿನ ಚಕ್ರಗಳಂತೆ ಇದರ ಚಕ್ರಗಳು ಓರೆಯಾಗುವುದಿಲ್ಲ. ಎಡಗಡೆಯವು ಒಂದು ವೇಗದಲ್ಲಿ, ಬಲಗಡೆಯವು ಇನ್ನೊಂದು ವೇಗದಲ್ಲಿ ಉರುಳಿದಾಗ ಯಂತ್ರವು ನೆಲವನ್ನು ಕೆರೆದುಕೊಂಡೇ ತಿರುಗುತ್ತದೆ. 1957ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಸಿರಿಲ್ ಕೆಲ್ಲರ್, ಲೂಯಿ ಕೆಲ್ಲರ್ ಎಂಬ ಸಹೋದರರು, ಟರ್ಕಿ ಕೋಳಿ ಸಾಕುವವನೊಬ್ಬನ ಕೊಟ್ಟಿಗೆಯಲ್ಲಿ ಕಂಬಗಳ ನಡುವೆ ನುಸುಳಿ ಗೊಬ್ಬರ ಬಳಿಯಲೆಂದು ಇದರ ಮೂಲರೂಪವನ್ನು ಕಟ್ಟಿದರು. ಅದಕ್ಕಿದ್ದುದು ಮೂರೇ ಚಕ್ರ. ನಾಲ್ಕು ಚಕ್ರದ್ದು 1960ರಲ್ಲಿ ಬಂದಿತು. ಕೋಳಿಗೊಬ್ಬರಕ್ಕೆಂದು ಹುಟ್ಟಿದ್ದು ಈಗ ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಸಿಪ್ಪೆಯನ್ನು ತಳ್ಳುತ್ತಿದೆ.

ಮಾವನ ಬಳಿಗೆ ಬಂದ ಯಂತ್ರವೂ ಅಂಥದೇ. ಅದರ ಧಣಿ ಸಾಲ ಮಾಡಿ ಅದನ್ನು ಕೊಂಡಿದ್ದನು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಿದ್ದನು. ನಿಂತ ದಿನ ಬಾಡಿಗೆಯಿಲ್ಲ, ಓಡಿಸುವವನಿಗೆ ಕೂಲಿಯಿಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಎರಡು ತಿಂಗಳು ಮೊದಲು ಬೇರೊಂದು ಕಡೆ ಹೆಡ್ ಗ್ಯಾಸ್ಕೆಟ್ ಬದಲಿಸಿದ್ದರು. ಅದು ಮತ್ತೆ ಹೋಗಿತ್ತು. “ಹೊಸದೊಂದು ಹಾಕಿ ಸಂಜೆಗೆ ಕೊಟ್ಟುಬಿಡಿ ಅಣ್ಣಾ” ಎಂಬುದು ಅವನ ಬೇಡಿಕೆ.

ಈ ಗ್ಯಾಸ್ಕೆಟ್ ಎಂದರೇನು? ಎಂಜಿನ್ನಿನ ಕೆಳಭಾಗವಾದ ಬ್ಲಾಕಿನಲ್ಲಿ ಪಿಸ್ಟನ್ನುಗಳು ಆಡುತ್ತವೆ. ಮೇಲೆ ಮುಚ್ಚಳದಂತೆ ಕೂರುವುದೇ ಹೆಡ್ಡು. ಇವೆರಡರ ನಡುವೆ ತೆಳುವಾದ ಒಂದು ಹಾಳೆ. ಅದೇ ಹೆಡ್ ಗ್ಯಾಸ್ಕೆಟ್. ಅದರಲ್ಲಿ ಸಿಲಿಂಡರುಗಳಿಗೆ ದೊಡ್ಡ ತೂತುಗಳು, ನೀರಿಗೂ ಆಯಿಲ್ಲಿಗೂ ಸಣ್ಣ ತೂತುಗಳು. ಬೆಂಕಿ, ನೀರು, ಆಯಿಲ್ಲು ಈ ಮೂರೂ ಒಂದರ ಮನೆಗೆ ಒಂದು ನುಗ್ಗದಂತೆ ಕಾಯುವುದು ಅದರ ಕೆಲಸ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಏಳುವ ಕಾವು 500 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಈ ಒತ್ತಡವನ್ನೆಲ್ಲ ತಡೆಯತಕ್ಕದ್ದು ಆ ಹಾಳೆ ಮತ್ತು ಅದನ್ನು ಬಿಗಿದ ಬೋಲ್ಟುಗಳು.

ಹಾಳೆ ಸುಟ್ಟಿತೆಂದರೆ ಗುರುತು ಹಲವು. ಹೊಗೆ ನೀರಿನ ದಾರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ. ನೀರು ಆಯಿಲ್ಲಿಗೆ ಬೆರೆತರೆ ಅದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿ ಬೇರಿಂಗುಗಳನ್ನು ತಿನ್ನುತ್ತದೆ. ನೀರು ಸಿಲಿಂಡರಿಗೆ ಇಳಿದರೆ ಬಿಳಿಯ ಹೊಗೆ. ಎಲ್ಲಕ್ಕಿಂತ ಅಪಾಯ ಈ ಕೊನೆಯದು. ರಾತ್ರಿಯೆಲ್ಲ ನೀರು ತುಂಬಿ ಬೆಳಗ್ಗೆ ಸ್ಟಾರ್ಟ್ ಮಾಡಿದರೆ, ಗಾಳಿಯಂತೆ ನೀರು ಅದುಮಿಸಿಕೊಳ್ಳದು. ಪಿಸ್ಟನ್ನಿನ ಕೆಳಗಿನ ರಾಡೇ ಬಾಗುತ್ತದೆ. ನಮ್ಮ ಯಂತ್ರದಲ್ಲಿ ಕಂಡದ್ದು ಗುಳ್ಳೆ ಮಾತ್ರ.

ಕೆಲಸಕ್ಕೆ ಕೈಹಾಕುವ ಮುನ್ನ ಮಾವ ಮಾಡಿದ್ದು ಬಕೆಟ್ಟಿನ ತೋಳುಗಳನ್ನೆತ್ತಿ ಅವುಗಳ ಲಾಕನ್ನು ಕೂಡಿಸಿದ್ದು. ಆ ಬಳಿಕವೇ ಗೂಡನ್ನು ವಾಲಿಸಿದರು. ಲಾಕಿಲ್ಲದ ತೋಳಿನ ಕೆಳಗೆ ತಲೆಯಿಟ್ಟವನು ಮತ್ತೆ ಏಳುವ ಭರವಸೆಯಿಲ್ಲ. ಬ್ಯಾಟರಿಯ ತಂತಿ ಬಿಚ್ಚಿ, ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ನೀರು ಇಳಿಸಿದರು. ನಾಜಲ್ಲಿನ ಪೈಪುಗಳನ್ನು ತೆಗೆದು, ಧೂಳು ಹೋಗದಂತೆ ಬಾಯಿ ಮುಚ್ಚಿದರು. ಪುಷ್ ರಾಡುಗಳನ್ನು ರಟ್ಟಿನ ತೂತುಗಳಲ್ಲಿ ಚುಚ್ಚಿ ನಂಬರು ಬರೆಯುವ ಕೆಲಸ ನನ್ನದು. ಯಾವುದು ಎಲ್ಲಿತ್ತೋ ಅಲ್ಲಿಗೇ ಮರಳಬೇಕು. ಹೆಡ್ಡಿನ ಬೋಲ್ಟುಗಳನ್ನು ಹೊರ ಅಂಚಿನಿಂದ ಒಳಮುಖವಾಗಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿದರು.

ಹೆಡ್ಡನ್ನೆತ್ತಿದಾಗ ಹಳೆಯ ಗ್ಯಾಸ್ಕೆಟ್ಟನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿದರು. ಎರಡನೆಯ ಸಿಲಿಂಡರಿನ ಅಂಚಿನಿಂದ ನೀರಿನ ತೂತಿನವರೆಗೆ ಇರುವೆಯ ಸಾಲಿನಂತೆ ಕಪ್ಪು ಜಾಡು. ಹೊಗೆ ಹೋದ ದಾರಿ ಅದೇ. ಎರಡೂ ಮುಖಗಳನ್ನು ಗೀರು ಬೀಳದಂತೆ ಒರಸಿ, ಹೆಡ್ಡಿನ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ನೋಡಿದರು. ಇಂಥ ಸಣ್ಣ ಎಂಜಿನ್ನುಗಳಿಗೆ ಸಾಮಾನ್ಯವಾಗಿ 0.05 ಮಿಲಿಮೀಟರಿನಷ್ಟು ಸೊಟ್ಟವೇ ಮಿತಿ. ನಮ್ಮ ಕೂದಲಿನ ದಪ್ಪಕ್ಕೂ ಕಡಮೆಯೆನ್ನಬಹುದು. ಇಲ್ಲಿ 0.12ರ ಎಲೆ ಸಲೀಸಾಗಿ ನುಗ್ಗಿತು. ಹೊಸ ಹಾಳೆ ಎಷ್ಟು ಒಳ್ಳೆಯದಾದರೇನು, ಸೊಟ್ಟ ಮುಚ್ಚಳದ ಕೆಳಗೆ ಅದು ನಿಲ್ಲುವುದು ಹೇಗೆ?

ಹೆಡ್ಡನ್ನು ಊರಿನ ಮೆಷಿನ್ ಷಾಪಿಗೆ ಕಳುಹಿಸಿ, ಬಿರುಕಿಲ್ಲವೆಂದು ಪರೀಕ್ಷಿಸಿ, ಮುಖವನ್ನು ಗ್ರೈಂಡ್ ಮಾಡಿಸಬೇಕೆಂದಾಗ ಧಣಿಗೆ ಸಿಟ್ಟು ಬಂದಿತು. ಇನ್ನೆರಡು ದಿನದ ಬಾಡಿಗೆ ಹೋಯಿತಲ್ಲ! ಮಾವ ವಾದಿಸಲಿಲ್ಲ. ಅವನನ್ನು ಯಂತ್ರದ ಹಿಂದಕ್ಕೆ ಕರೆದೊಯ್ದು ರೇಡಿಯೇಟರನ್ನು ಬಿಚ್ಚಿಸಿದರು. ಹೈಡ್ರಾಲಿಕ್ ಆಯಿಲ್ಲನ್ನು ತಂಪು ಮಾಡುವ ಕೂಲರು ಅದಕ್ಕೆ ಅಂಟಿದಂತೆಯೇ ಇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಶುಭ್ರ. ಎರಡರ ನಡುವಿನ ಬೆರಳಗಲದ ಸಂದಿಯಲ್ಲಿ ಮಾತ್ರ ಕಬ್ಬಿನ ಸಿಪ್ಪೆಯ ನಾರು ಕಂಬಳಿಯಂತೆ ಹೆಣೆದುಕೊಂಡಿತ್ತು. ಗಾಳಿಯಾಡದೆ ಎಂಜಿನ್ನು ಕಾದಿತ್ತು. ಕಾದ ಹೆಡ್ಡು ಸೊಟ್ಟಗಾಗಿತ್ತು. ಸೊಟ್ಟ ಹೆಡ್ಡಿನ ಕೆಳಗೆ ಗ್ಯಾಸ್ಕೆಟ್ ಸುಟ್ಟಿತ್ತು. ಹಿಂದೆ ರಿಪೇರಿ ಮಾಡಿದವರು ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಬದಲಿಸಿದ್ದರು. ಧಣಿ ಆ ನಾರಿನ ಗಂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತನು.

ಹೆಡ್ಡು ಮರಳಿದ ಮೇಲಿನ ಕೆಲಸ ಬೇಗ ಸಾಗಿತು. ಬೋಲ್ಟು ಕೂರುವ ತೂತುಗಳಲ್ಲಿ ಹನಿ ನೀರೂ ಉಳಿಯದಂತೆ ಗಾಳಿ ಹೊಡೆದರು. ಉಳಿದರೆ ಬಿಗಿಯುವಾಗ ಬ್ಲಾಕೇ ಸೀಳಬಹುದು. ಟಾರ್ಕ್ ರೆಂಚಿನಿಂದ ನಡುವಿನ ಬೋಲ್ಟಿನಿಂದ ಹೊರಮುಖವಾಗಿ, ಪುಸ್ತಕದಲ್ಲಿ ಹೇಳಿದ ಅಳತೆಗೆ, ಮೂರು ಸುತ್ತಿನಲ್ಲಿ ಬಿಗಿದರು. ವಾಲ್ವುಗಳ ಸಂದಿಯನ್ನು ಸರಿಪಡಿಸಿ, ಹೊಸ ಆಯಿಲ್ಲು ತುಂಬಿ, ಡೀಸೆಲ್ ಪೈಪಿನ ಗಾಳಿಯನ್ನು ಹೊರಹಾಕಿದರು. ರೇಡಿಯೇಟರಿನ ಮುಚ್ಚಳವನ್ನು ತೆರೆದಿಟ್ಟು ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿದಾಗ ನಾವೆಲ್ಲ ನೀರಿನ ಮೇಲೆ ಬಗ್ಗಿದ್ದೆವು. ಗುಳ್ಳೆ ಏಳಲಿಲ್ಲ.

ಯಂತ್ರವನ್ನು ಲಾರಿಗೆ ಏರಿಸುವ ಮುನ್ನ ಮಾವ ಅದನ್ನು ಓಡಿಸುವ ಹುಡುಗನ ಕೈಗೆ ಗಾಳಿಯ ಕೊಳವೆಯನ್ನು ಕೊಟ್ಟು, ಕೂಲರನ್ನು ಸರಿಸಿ, ಕಸ ಹೊಕ್ಕ ದಿಕ್ಕಿಗೆ ಎದುರಾಗಿ ಹೇಗೆ ಊದಬೇಕೆಂದು ಎರಡು ಸಲ ಮಾಡಿಸಿ ನೋಡಿದರು. ದಿನಕ್ಕೊಮ್ಮೆ ಸಾಕೇ ಎಂದು ಹುಡುಗನು ಕೇಳಿದನು. ಸಿಪ್ಪೆಯ ಅಂಗಳದಲ್ಲಿ ಎರಡು ಸಲ ಎಂದರು ಮಾವ.